ಬಿಟ್ಟು ಬಿಟ್ಟು ಬರುವ ದೋಷ: ನೆಟ್‌ವರ್ಕ್ ಕಾರ್ಡೋ, ಅದರ ಡ್ರೈವರೋ?

(ಕಾಸರಗೋಡಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬೇಗ ದಾಟಿಹೋದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಶಾಲೆಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಅಕ್ಷಯ ಕೇಂದ್ರಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು. ಸಿ ಭಾಷೆ ಕಲಿಯುತ್ತಿರುವ ವಿದ್ಯಾರ್ಥಿಗಳೂ ಇದ್ದೀರಿ. ಕೇರಳದ ಶಾಲೆಗಳಲ್ಲಿ, ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆಯ ಗ್ನು/ಲಿನಕ್ಸ್ ಓಡುತ್ತಿರುವುದು ನಮಗೆ ದೊಡ್ಡ ಅನುಕೂಲ. ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಮ್) ಏನು ಮಾಡುತ್ತಿದೆಯೆಂದು ಸೋರ್ಸ್ ತೆರೆದು ಓದಬಹುದು, ಬೇಕಾದರೆ ಎರಡು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಬಹುದು. ಹಾಗಾಗಿ ಇವತ್ತಿನ ಮಾತೆಲ್ಲ ಲಿನಕ್ಸ್ ಹಿಡಿದೇ ಇರುತ್ತದೆ.

ದೋಷ ನಿಮಗೆಲ್ಲ ಗೊತ್ತಿರುವಂಥದ್ದೇ. ನೆಟ್‌ವರ್ಕ್ ಓಡುತ್ತಿರುತ್ತದೆ, ಹತ್ತು ಸೆಕೆಂಡ್ ನಿಲ್ಲುತ್ತದೆ, ತಾನಾಗಿ ಮರಳುತ್ತದೆ. ಮರುದಿನ ಇಡೀ ದಿನ ಏನೂ ಇಲ್ಲ. ರಿಪೇರಿಯವರು ಬಂದು ಕೂತಾಗಲಂತೂ ಒಮ್ಮೆಯೂ ಬರುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಕೇಬಲ್ ಬದಲಿಸುತ್ತಾರೆ, ಕಾರ್ಡ್ ತೆಗೆದು ಹಾಕುತ್ತಾರೆ, ಡ್ರೈವರ್ ಹೊಸದು ಮಾಡುತ್ತಾರೆ, ಮೂರನ್ನೂ ಒಂದೇ ಮಧ್ಯಾಹ್ನ. ಎರಡು ದಿನ ಸುಮ್ಮನಿದ್ದ ದೋಷ ಮೂರನೆಯ ದಿನ ಬಂದಾಗ ಕೈಯಲ್ಲಿ ಒಂದು ಸುಳಿವೂ ಉಳಿದಿರುವುದಿಲ್ಲ. ಬಿಟ್ಟು ಬಿಟ್ಟು ಬರುವ ಜ್ವರವನ್ನು ಜ್ವರ ಏರಿದ ಹೊತ್ತಿನಲ್ಲಿಯೇ ಪರೀಕ್ಷಿಸಬೇಕು. ಇದೂ ಹಾಗೆಯೇ. ನಮ್ಮ ಮುಖ್ಯ ಮಾತು ಇದೊಂದೇ: ದೋಷ ಇರುವ ಕ್ಷಣದಲ್ಲಿ ಕಾರ್ಡಿನ ಸ್ಥಿತಿ ಬರೆದಿಟ್ಟುಕೊಳ್ಳಬೇಕು, ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದು. ತೊಡಕೇನೆಂದರೆ ಆ ಸಾಕ್ಷ್ಯವನ್ನು ಅಳಿಸಿಹಾಕುವುದು ಹೆಚ್ಚಾಗಿ ಡ್ರೈವರೇ.

ಅದು ಹೇಗೆಂದು ನೋಡೋಣ. ಕಳಿಸಬೇಕಾದ ಫ್ರೇಮ್‌ಗಳ (ತಂತಿಯ ಮೇಲೆ ಹೋಗುವ ಮಾಹಿತಿಯ ಕಟ್ಟುಗಳ) ವಿವರವನ್ನು ಡ್ರೈವರ್ ಮೆಮೊರಿಯಲ್ಲಿ ಸುತ್ತು ಸುತ್ತಾಗಿ ಮರುಬಳಸುವ ಒಂದು ಪಟ್ಟಿಯಲ್ಲಿ, ಅಂದರೆ ರಿಂಗ್‌ನಲ್ಲಿ, ಬರೆದಿಡುತ್ತದೆ; ಒಂದೊಂದು ವಿವರವೂ ಒಂದು ಡಿಸ್ಕ್ರಿಪ್ಟರ್. ಕಾರ್ಡ್ ಅದನ್ನು ಓದುತ್ತಾ ಹೋಗುತ್ತದೆ. ಕಾರ್ಡ್ ಮುಂದೆ ಹೋಗದೆ ನಿಂತರೆ ರಿಂಗ್ ತುಂಬುತ್ತದೆ, ಡ್ರೈವರ್ ಕ್ಯೂ ನಿಲ್ಲಿಸುತ್ತದೆ. ಡ್ರೈವರ್ ಬೇರೆ ಅವಧಿ ಹೇಳಿಲ್ಲದಿದ್ದರೆ 5 ಸೆಕೆಂಡ್ ಕಾದು ಕರ್ನೆಲ್‌ನ (ಲಿನಕ್ಸ್‌ನ ತಿರುಳು ಭಾಗದ) ವಾಚ್‌ಡಾಗ್ ಎಂಬ ಕಾವಲು ಕೂಗುತ್ತದೆ: 'ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್'. ಡ್ರೈವರ್ ಆಗ ಕಾರ್ಡನ್ನು ರಿಸೆಟ್ ಮಾಡುತ್ತದೆ. ನೆಟ್‌ವರ್ಕ್ ಮರಳಿತು, ರಿಜಿಸ್ಟರ್‌ಗಳೆಲ್ಲ (ಕಾರ್ಡಿನ ಸ್ಥಿತಿ ಹಿಡಿದಿಡುವ ಪುಟ್ಟ ಜಾಗಗಳು) ಹೊಸದಾದವು, ಕಾರಣ ಹೋಯಿತು. ಗಿಗಾಬಿಟ್ ವೇಗದಲ್ಲಿ 1500 ಬೈಟಿನ ಪ್ಯಾಕೆಟ್ ಎಲ್ಲ ಸೇರಿ ತಂತಿಯ ಮೇಲೆ 1538 ಬೈಟಿನ ಜಾಗ ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 81,000 ಫ್ರೇಮ್. 256 ಜಾಗದ ರಿಂಗ್ ತುಂಬಲು 3 ಮಿಲಿಸೆಕೆಂಡ್ ಸಾಕು. ವಾಚ್‌ಡಾಗ್ ಕೂಗುವ ಹೊತ್ತಿಗೆ ಘಟನೆ ನಡೆದು ಐದು ಸೆಕೆಂಡ್ ಆಗಿಹೋಗಿದೆ. ಲಿಂಕ್ ಬಿದ್ದಿದ್ದರೆ ವಾಚ್‌ಡಾಗ್ ಕೂಗುವುದೇ ಇಲ್ಲ ಎನ್ನುವುದೂ ನೆನಪಿರಲಿ. ಅದು ಕೂಗಿತೆಂದರೆ ಕಾರ್ಡಿನ ಲೆಕ್ಕದಲ್ಲಿ ಲಿಂಕ್ ಇತ್ತು.

ಆದ್ದರಿಂದ ಮೊದಲ ತಿದ್ದುಪಡಿ ಡ್ರೈವರಿನ ಟೈಮ್‌ಔಟ್ ಭಾಗದಲ್ಲಿ: ರಿಸೆಟ್‌ಗಿಂತ ಮೊದಲು ಬರಹ. ಬರೆಯಬೇಕಾದ್ದು ಹೆಚ್ಚೇನಿಲ್ಲ. ಕಾರ್ಡ್ ಓದುತ್ತಿರುವ ಜಾಗ (ಹೆಡ್), ಡ್ರೈವರ್ ಬರೆದು ಮುಗಿಸಿದ ಜಾಗ (ಟೇಲ್), ಡ್ರೈವರ್ ತೆರವು ಮಾಡುತ್ತಾ ಬಂದ ಜಾಗ, ಸ್ಟೇಟಸ್ ರಿಜಿಸ್ಟರ್, ಯಾವ ಇಂಟರಪ್ಟ್‌ಗಳು (ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತಗಳು) ತೆರೆದಿವೆ ಎನ್ನುವ ಇಂಟರಪ್ಟ್ ಮಾಸ್ಕ್, ಕೊನೆಯಲ್ಲಿ ಇಂಟರಪ್ಟ್ ಕಾರಣದ ರಿಜಿಸ್ಟರ್. ಈ ಕೊನೆಯದನ್ನು ಕೊನೆಯಲ್ಲೇ ಓದಬೇಕು, ಏಕೆಂದರೆ ಹಲವು ಕಾರ್ಡ್‌ಗಳಲ್ಲಿ ಓದಿದ ಕೂಡಲೇ ಅದು ಸೊನ್ನೆಯಾಗುತ್ತದೆ. ಇಂಟೆಲ್‌ನ ಇ1000ಇ ಡ್ರೈವರ್ ಇಂಥ ವಿವರವನ್ನು 'ಹಾರ್ಡ್‌ವೇರ್ ಯುನಿಟ್ ಹ್ಯಾಂಗ್' ಎಂಬ ಸಂದೇಶದ ಜೊತೆ ತಾನೇ ಬರೆಯುತ್ತದೆ. ಬೇರೆ ಡ್ರೈವರ್‌ಗಳಿಗೆ ನಾವು ಸೇರಿಸಿಕೊಳ್ಳಬೇಕಾಗಬಹುದು.

ಈ ನಾಲ್ಕಾರು ಸಂಖ್ಯೆಗಳು ಹೇಳುವಷ್ಟನ್ನು ಬೇರೆ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹೆಡ್ ಮತ್ತು ಟೇಲ್ ಒಂದೇ ಆಗಿದ್ದು ತೆರವಿನ ಜಾಗ ಮಾತ್ರ ಹಿಂದೆ ಉಳಿದಿದೆ ಎನ್ನಿ. ಅಂದರೆ ಕಾರ್ಡ್ ತನ್ನ ಕೆಲಸ ಮುಗಿಸಿದೆ, ಡ್ರೈವರಿಗೆ ಗೊತ್ತಾಗಿಲ್ಲ. ಇಂಟರಪ್ಟ್ ಕಳೆದುಹೋಗಿದೆ, ಇಲ್ಲವೇ 'ಮುಗಿಯಿತು' ಎಂದು ಕಾರ್ಡ್ ಮೆಮೊರಿಯಲ್ಲಿ ಬರೆದದ್ದು ಪ್ರೊಸೆಸರಿಗೆ ಕಂಡಿಲ್ಲ. ಆಗ ಕೇಬಲ್ ಬದಲಿಸಿ ಯಾವ ಪ್ರಯೋಜನವೂ ಇಲ್ಲ. ಹೆಡ್ ಹಿಂದೆಯೇ ನಿಂತು ಟೇಲ್ ಮುಂದಿದ್ದರೆ ಕಾರ್ಡ್ ನಿಜವಾಗಿ ನಿಂತಿದೆ; ಡಿಎಂಎ (ಕಾರ್ಡ್ ತಾನೇ ಮೆಮೊರಿ ಓದಿ ಬರೆಯುವ ವ್ಯವಸ್ಥೆ) ಸಿಕ್ಕಿಕೊಂಡಿರಬಹುದು, ಡ್ರೈವರ್ ಕೆಟ್ಟ ಡಿಸ್ಕ್ರಿಪ್ಟರ್ ಕೊಟ್ಟಿರಬಹುದು, ಎದುರಿನ ಸ್ವಿಚ್ 'ತಡೆ' ಎನ್ನುತ್ತಿರಬಹುದು. ಈ ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಸ್ವಿಚ್ ಕಳಿಸುವ ಒಂದು ಪಾಜ್ (ತಡೆ) ಫ್ರೇಮ್ ಗಿಗಾಬಿಟ್‌ನಲ್ಲಿ ಹೆಚ್ಚೆಂದರೆ 33.5 ಮಿಲಿಸೆಕೆಂಡ್ ತಡೆಯಬಲ್ಲದು. ಐದು ಸೆಕೆಂಡ್ ತಡೆಯಬೇಕಾದರೆ ಸುಮಾರು 150 ಪಾಜ್ ಫ್ರೇಮ್ ಒಂದರ ಹಿಂದೊಂದು ಬರಬೇಕು. ಎಥ್‌ಟೂಲ್ ಎಂಬ ಆಜ್ಞೆ ತೋರಿಸುವ ಲೆಕ್ಕಗಳಲ್ಲಿ ಬಂದ ಎಕ್ಸಾಫ್ (ಅಂದರೆ ಪಾಜ್) ಫ್ರೇಮ್‌ಗಳ ಸಂಖ್ಯೆ ಅಷ್ಟು ಏರಿದೆಯೇ ನೋಡಿದರೆ ಆಯಿತು. ಏರಿದ್ದರೆ ದೋಷ ನಿಮ್ಮ ಪೆಟ್ಟಿಗೆಯಲ್ಲಿಲ್ಲ, ಸ್ವಿಚ್‌ನಲ್ಲಿದೆ.

ಇನ್ನೊಂದು ಸ್ಥಿತಿ ನೋಡಿದ ಕೂಡಲೇ ಗೊತ್ತಾಗುತ್ತದೆ: ಓದಿದ ಪ್ರತಿಯೊಂದು ರಿಜಿಸ್ಟರ್‌ನಲ್ಲೂ 32 ಬಿಟ್‌ಗಳೂ 1. ಕಾರ್ಡ್ ಉತ್ತರವನ್ನೇ ಕೊಡುತ್ತಿಲ್ಲ, ಕಾರ್ಡನ್ನು ಪ್ರೊಸೆಸರಿಗೆ ಜೋಡಿಸುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ ಬಸ್ಸಿನಿಂದ ಕಳಚಿಬಿದ್ದಿದೆ. ಸ್ಲಾಟಿನ ಸಂಪರ್ಕ, 3.3 ವೋಲ್ಟ್ ಪೂರೈಕೆ, ಇಲ್ಲವೇ ವಿದ್ಯುತ್ ಉಳಿಸಲು ಲಿಂಕನ್ನು ಮಲಗಿಸುವ ಎಎಸ್‌ಪಿಎಂ, ಈ ಮೂರರಲ್ಲಿ ಹುಡುಕಬೇಕು. ಎಎಸ್‌ಪಿಎಂ ವಿಷಯದಲ್ಲಿ ಒಂದು ಎಚ್ಚರ. ಬೂಟ್ ಸಾಲಿನಲ್ಲಿ ಅದನ್ನು 'ಆಫ್' ಎಂದು ಬರೆದರೆ ಕರ್ನೆಲ್ ಅದನ್ನು ಮುಟ್ಟುವುದಿಲ್ಲ ಎಂದಷ್ಟೇ ಅರ್ಥ. ಬಯಾಸ್ ಮೊದಲೇ ಚಾಲೂ ಮಾಡಿದ್ದರೆ ಹಾಗೆಯೇ ಉಳಿಯುತ್ತದೆ. ಪಾಲಿಸಿಯನ್ನು 'ಪರ್ಫಾರ್ಮೆನ್ಸ್' ಎಂದು ಇಟ್ಟರೆ ನಿಜವಾಗಿ ನಿಲ್ಲುತ್ತದೆ. ನಿಲ್ಲಿಸಿದ್ದೇವೆ ಎಂದುಕೊಂಡು ಅದನ್ನು ಸಂಶಯದ ಪಟ್ಟಿಯಿಂದ ತೆಗೆದುಬಿಟ್ಟರೆ ವಾರಗಟ್ಟಲೆ ತಪ್ಪು ದಾರಿಯಲ್ಲಿ ನಡೆಯುತ್ತೇವೆ. ಬಸ್ಸಿನ ಆರೋಗ್ಯ ತಿಳಿಯಲು ಎಇಆರ್ ಲೆಕ್ಕಗಳಿವೆ (ಬಸ್ಸಿನಲ್ಲಾದ ತಪ್ಪುಗಳ ಎಣಿಕೆ). 'ಬ್ಯಾಡ್ ಟಿಎಲ್‌ಪಿ', 'ರಿಪ್ಲೇ ಟೈಮರ್' ಮುಂತಾದ ಸರಿಪಡಿಸಬಲ್ಲ ದೋಷಗಳು ದಿನದಿಂದ ದಿನಕ್ಕೆ ಏರುತ್ತಿದ್ದರೆ ಕಾರ್ಡ್ ಕಳಚಿಬೀಳುವ ಮೊದಲೇ ಸ್ಲಾಟ್ ನೋಡಬಹುದು. ಕಾರ್ಡಿನ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಬಿಡಬೇಕು. ಚಿನ್ನದ ಲೇಪ ಸವೆದುಹೋಗುತ್ತದೆ.

ಕೋಡ್ ಬರೆಯದವರೂ ಬಹಳಷ್ಟು ಹಿಡಿಯಬಹುದು. ಹತ್ತು ಸೆಕೆಂಡಿಗೊಮ್ಮೆ ಎಥ್‌ಟೂಲ್‌ನ ಲೆಕ್ಕಗಳನ್ನು, ಇಂಟರಪ್ಟ್ ಎಣಿಕೆಯನ್ನು, ಎಇಆರ್ ಲೆಕ್ಕವನ್ನು, ಉಷ್ಣತೆಯನ್ನು ಸಮಯದ ಸಮೇತ ಅದೇ ಯಂತ್ರದ ಡಿಸ್ಕಿಗೆ ಬರೆಯುವ ಚಿಕ್ಕ ಸ್ಕ್ರಿಪ್ಟ್ ಸಾಕು. ದಿನಕ್ಕೆ 8,640 ಸಾಲು. ಸಂಶಯ ಇರುವುದೇ ನೆಟ್‌ವರ್ಕ್ ಮೇಲೆ ಆದ್ದರಿಂದ ಲಾಗನ್ನು ನೆಟ್‌ವರ್ಕ್ ಮೂಲಕ ಬೇರೆ ಕಡೆಗೆ ಕಳಿಸುವ ನೆಟ್‌ಕನ್ಸೋಲ್ ಇಲ್ಲಿ ಕೈಕೊಡುತ್ತದೆ.

ಇನ್ನು ಡ್ರೈವರ್ ಬರೆಯುವವರಿಗೆ. ಮುದ್ರಣದ ಸಾಲು ಸೇರಿಸಿದ ಕೂಡಲೇ ದೋಷ ಮಾಯವಾಯಿತೆಂದರೆ ಆಶ್ಚರ್ಯಪಡಬೇಡಿ. 115200 ವೇಗದ ಸೀರಿಯಲ್ ಕನ್ಸೋಲಿನಲ್ಲಿ 80 ಅಕ್ಷರದ ಸಾಲು ಹೋಗಲು ಸುಮಾರು 7 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಗಿಗಾಬಿಟ್‌ನಲ್ಲಿ 560ಕ್ಕೂ ಹೆಚ್ಚು ದೊಡ್ಡ ಫ್ರೇಮ್‌ಗಳು ಹಾದುಹೋಗಬಹುದು. ನೀವು ನೋಡಹೊರಟ ಸಮಯವನ್ನೇ ಬದಲಿಸಿಬಿಟ್ಟಿರಿ. ಟ್ರೇಸ್‌ಪ್ರಿಂಟ್ ಬಳಸಿ, ಅದು ಮೆಮೊರಿಯಲ್ಲಿ ಬರೆದು ಮುಂದೆ ಹೋಗುತ್ತದೆ. ಆ ಬಫರ್ ತುಂಬಿದಾಗ ಹಳೆಯದು ಅಳಿಯುತ್ತದೆ, ಐದು ಸೆಕೆಂಡ್ ಕಾದರೆ ಬೇಕಾದ ಭಾಗ ಹೋಗಿರುತ್ತದೆ. ಹಾಗಾಗಿ 100 ಮಿಲಿಸೆಕೆಂಡಿಗೊಮ್ಮೆ ಹೆಡ್ ನೋಡುವ ಸಣ್ಣ ಟೈಮರ್ ಹಾಕಿ. ಟೇಲ್ ಮುಂದಿದ್ದೂ ಎರಡು ಸಲ ಹೆಡ್ ಕದಲದಿದ್ದರೆ ಆ ಕ್ಷಣವೇ ಟ್ರೇಸಿಂಗ್ ನಿಲ್ಲಿಸಿ. ಆಗ ಬಫರಿನ ಕೊನೆಯ ಸಾಲುಗಳಲ್ಲಿ ನಿಮಗೆ ಬೇಕಾದದ್ದು ಇರುತ್ತದೆ.

ಹಾರ್ಡ್‌ವೇರ್ ದೋಷದ ವೇಷ ಹಾಕುವ ಡ್ರೈವರ್ ತಪ್ಪುಗಳಲ್ಲಿ ಮೂರನ್ನು ಮೊದಲು ನೋಡಬೇಕು. ಡಿಸ್ಕ್ರಿಪ್ಟರಿನಲ್ಲಿ ವಿಳಾಸ, ಉದ್ದ ಬರೆದು ಆಮೇಲೆ 'ಇದು ಇನ್ನು ಕಾರ್ಡಿನ ಪಾಲು' ಎಂಬ ಬಿಟ್ ಹಾಕುತ್ತೇವಷ್ಟೆ. ಇವೆರಡರ ನಡುವೆ ಮೆಮೊರಿ ಬ್ಯಾರಿಯರ್ (ಬರಹದ ಕ್ರಮ ಕಾಯುವ ಆಜ್ಞೆ) ಇಲ್ಲದಿದ್ದರೆ ಆರ್ಮ್ ಪ್ರೊಸೆಸರ್ ಬರಹದ ಅನುಕ್ರಮ ಬದಲಿಸಬಹುದು, ಕಾರ್ಡ್ ಹಳೆಯ ವಿಳಾಸ ಓದಬಹುದು. ಎಕ್ಸ್86ರಲ್ಲಿ ಸಾಮಾನ್ಯ ಮೆಮೊರಿ ಬರಹಗಳು ಬರೆದ ಕ್ರಮದಲ್ಲೇ ಕಾಣುವುದರಿಂದ ಅದೇ ತಪ್ಪು ವರ್ಷಗಟ್ಟಲೆ ಅಡಗಿರುತ್ತದೆ. ಎರಡನೆಯದು, ರಿಜಿಸ್ಟರಿಗೆ ಬರೆದ ಮಾತು ದಾರಿಯ ಬ್ರಿಡ್ಜ್‌ನಲ್ಲಿ ಕಾದು ಕೂರುವುದು. ರಿಸೆಟ್ ಬಿಟ್ ಬರೆದು 10 ಮೈಕ್ರೋಸೆಕೆಂಡ್ ಕಾಯಿರಿ ಎಂದು ಕೈಪಿಡಿ ಹೇಳಿದರೆ, ಬರೆದು, ಅದೇ ಕಾರ್ಡಿನ ಒಂದು ರಿಜಿಸ್ಟರ್ ಓದಿ, ಆಮೇಲೆ ಕಾಯಬೇಕು. ಓದದೆ ಕಾದರೆ ಕಾಯುವಿಕೆ ಬರಹಕ್ಕಿಂತ ಮೊದಲೇ ಮುಗಿಯಬಹುದು. ಮೂರನೆಯದು ನಾಪಿ ಪೋಲಿಂಗ್ (ಇಂಟರಪ್ಟ್ ಮುಚ್ಚಿ ಡ್ರೈವರ್ ತಾನೇ ರಿಂಗ್ ನೋಡುತ್ತಿರುವುದು) ಮುಗಿಸುವ ಗಳಿಗೆ: ರಿಂಗ್ ಖಾಲಿ ಎಂದು ನೋಡಿದ ನಂತರ, ಇಂಟರಪ್ಟ್ ಮತ್ತೆ ತೆರೆಯುವ ಮೊದಲು ಒಂದು ಫ್ರೇಮ್ ಬಂದರೆ ಅದರ ಸುದ್ದಿ ಕಳೆದುಹೋಗಬಹುದು. ತೆರೆದ ಮೇಲೆ ಇನ್ನೊಮ್ಮೆ ರಿಂಗ್ ನೋಡಬೇಕು. ಮೇಲೆ ಹೇಳಿದ 'ಹೆಡ್ ಟೇಲ್ ಒಂದೇ' ಸ್ಥಿತಿಗೆ ಕಳಿಸುವ ಕಡೆಯ ಇದೇ ಬಗೆಯ ಕಿಂಡಿ ಕಾರಣವಾಗಿರುವುದುಂಟು.

ಫೈಲ್‌ಗಳು ಕೆಟ್ಟು ಬರುವ ದೋಷ ಬೇರೆ ಜಾತಿಯದು, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇವೆ. ತಂತಿಯಲ್ಲಿ ಕೆಟ್ಟ ಫ್ರೇಮನ್ನು ಅದರ ಕೊನೆಯಲ್ಲಿರುವ ತಾಳೆ ಸಂಖ್ಯೆಯಾದ ಸಿಆರ್‌ಸಿ ಹಿಡಿಯುತ್ತದೆ. ಆದರೆ ಕಾರ್ಡ್ ಸಿಆರ್‌ಸಿ ಪರೀಕ್ಷಿಸಿದ ನಂತರ, ಅದರ ಒಳಗಿನ ಮೆಮೊರಿಯಲ್ಲೋ ಡಿಎಂಎಯಲ್ಲೋ ಕೆಟ್ಟರೆ ಆ ಕಾವಲು ಆಗಲೇ ದಾಟಿ ಬಂದಾಗಿದೆ. ಟಿಸಿಪಿ ಚೆಕ್‌ಸಮ್ಮನ್ನೂ ಕಾರ್ಡೇ ನೋಡುತ್ತಿದ್ದರೆ ಕೆಟ್ಟ ಬೈಟ್‌ಗಳು ನೇರ ಫೈಲಿಗೆ ಬರುತ್ತವೆ. ಮಾಡಬೇಕಾದ್ದು: 1 ಜಿಬಿ ಫೈಲನ್ನು 20 ಸಲ ತರಿಸಿ, ಪ್ರತಿಸಲವೂ ಎಂಡಿ5 ಲೆಕ್ಕ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ, ತಾಳೆಯಾಗದ ಪ್ರತಿಯನ್ನು ಅಳಿಸದೆ ಇಟ್ಟುಕೊಂಡು ಮೂಲದ ಜೊತೆ ಬೈಟ್ ಬೈಟ್ ಹೋಲಿಸಿ. ಸಿಎಂಪಿ ಆಜ್ಞೆಗೆ -l ಸೇರಿಸಿದರೆ ಬೇರೆಯಾದ ಜಾಗಗಳ ಪಟ್ಟಿ ಕೊಡುತ್ತದೆ. ಒಂದೇ ಬಿಟ್, ಪ್ರತಿಸಲವೂ ಅದೇ ಸ್ಥಾನದ ಬಿಟ್, ತಿರುಗಿದ್ದರೆ ಅದು ಹಾರ್ಡ್‌ವೇರ್. ಕಂಪ್ಯೂಟರಿನ ರ‍್ಯಾಮ್ ಕೂಡ ಇದರಲ್ಲಿ ಸೇರಿತು, ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. ಕೆಟ್ಟ ಭಾಗ 64 ಬೈಟಿನ ತುಂಡುಗಳಲ್ಲಿದ್ದರೆ ಕ್ಯಾಶೆಯ ಅಳತೆ ಅದು, ಡ್ರೈವರಿನ ಡಿಎಂಎ ಸಿಂಕ್ ಕರೆಗಳನ್ನು ನೋಡಿ. ಕೆಟ್ಟ ಭಾಗದಲ್ಲಿ ಬೇರೆ ಪ್ಯಾಕೆಟಿನ ಮಾತು ಕಂಡರೆ ಡ್ರೈವರ್ ಬಫರನ್ನು ಕಾರ್ಡ್ ಮುಗಿಸುವ ಮೊದಲೇ ಮರುಬಳಸಿದೆ. ಇದಾದ ಮೇಲೆ ಕಾರ್ಡಿನ ಚೆಕ್‌ಸಮ್ ಸೌಲಭ್ಯ ನಿಲ್ಲಿಸಿ ಅದೇ ಪರೀಕ್ಷೆ ಮಾಡಿ. ಫೈಲ್ ಸರಿ ಬಂದು, ಕರ್ನೆಲ್‌ನ ಚೆಕ್‌ಸಮ್ ತಪ್ಪಿನ ಎಣಿಕೆ ಏರಿದರೆ ಕೆಡುತ್ತಿರುವುದು ಕಾರ್ಡಿನ ಪರೀಕ್ಷೆಯ ನಂತರ ಎಂದು ಖಚಿತ.

ಕಾರ್ಡೋ ಡ್ರೈವರೋ ಎಂಬ ಪ್ರಶ್ನೆಗೆ ಉತ್ತರ ಎರಡೂ ಅಲ್ಲದಿರಬಹುದು. 2008ರಲ್ಲಿ ಲಿನಕ್ಸ್ 2.6.27ರ ಪೂರ್ವ ಆವೃತ್ತಿಗಳಲ್ಲಿ ಇ1000ಇ ಕಾರ್ಡ್‌ಗಳ ಒಳಗಿನ ಶಾಶ್ವತ ಮೆಮೊರಿಯೇ ಅಳಿದುಹೋಗುತ್ತಿತ್ತು. ಸಂಶಯವೆಲ್ಲ ಡ್ರೈವರ್ ಮೇಲೆ ಬಿತ್ತು. ಕಡೆಗೆ ಸಿಕ್ಕಿದ ಕಾರಣ ಕರ್ನೆಲ್ ಕೋಡಿನ ಜಾಡು ಹಿಡಿಯುವ ಸಾಧನ ಎಫ್‌ಟ್ರೇಸ್: ಬಿಡುಗಡೆಯಾದ ಮಾಡ್ಯೂಲ್ ಕೋಡಿನ ಜಾಗಕ್ಕೆ ಅದು ಬರೆಯುತ್ತಿತ್ತು, ಅದೇ ವಿಳಾಸಕ್ಕೆ ಅಷ್ಟರಲ್ಲಿ ಕಾರ್ಡಿನ ಫ್ಲ್ಯಾಶ್ ಬಂದು ಕೂತಿರುತ್ತಿತ್ತು. 2013ರಲ್ಲಿ ಇಂಟೆಲ್ 82574ಎಲ್ ಚಿಪ್ ಇದ್ದ ಕೆಲವು ಬೋರ್ಡ್‌ಗಳು, ಪ್ಯಾಕೆಟಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ಒಂದು ನಿರ್ದಿಷ್ಟ ಬೈಟ್ ಬಂದರೆ ವಿದ್ಯುತ್ ತೆಗೆದು ಹಾಕುವವರೆಗೆ ಸತ್ತಂತೆ ನಿಲ್ಲುವುದು ಬೆಳಕಿಗೆ ಬಂತು; ಕಾರಣ ಆ ಬೋರ್ಡ್‌ಗಳ ಈಪ್ರಾಮ್‌ನಲ್ಲಿ (ಚಿಪ್ಪಿನ ಸಿದ್ಧತೆಯ ವಿವರ ಇರುವ ಶಾಶ್ವತ ಮೆಮೊರಿಯಲ್ಲಿ) ತುಂಬಿದ್ದ ತಪ್ಪು ವಿವರ. ಇದರಿಂದ ಒಂದು ಅಗ್ಗದ ಪರೀಕ್ಷೆ ಸಿಗುತ್ತದೆ. ಒಂದೇ ಮಾದರಿಯ ಎರಡು ಕಾರ್ಡ್ ಇದ್ದು ಒಂದು ಮಾತ್ರ ತೊಂದರೆ ಕೊಡುತ್ತಿದ್ದರೆ ಎರಡರ ಈಪ್ರಾಮ್ ತೆಗೆದು ಹೋಲಿಸಿ. ವಿಳಾಸ, ಕ್ರಮಸಂಖ್ಯೆ, ಚೆಕ್‌ಸಮ್ ಬಿಟ್ಟು ಬೇರೇನೂ ವ್ಯತ್ಯಾಸ ಇರಬಾರದು.

ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಮತ್ತೆ ಅಕ್ಟೋಬರ್, ನವೆಂಬರಿನಲ್ಲೂ ಸಿಡಿಲು ಜೋರು. ಈಥರ್ನೆಟ್ ಪೋರ್ಟಿನ ಟ್ರಾನ್ಸ್‌ಫಾರ್ಮರ್ 1500 ವೋಲ್ಟ್ ತಡೆಯುವಂತೆ ಮಾಡಿದ್ದು. ಹತ್ತಿರ ಸಿಡಿಲು ಬಿದ್ದಾಗ ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ಕೇಬಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಏಳುತ್ತದೆ. ಪೋರ್ಟ್ ಪೂರ್ತಿ ಸುಟ್ಟರೆ ತಿಳಿಯುತ್ತದೆ. ಅರ್ಧ ಸುಟ್ಟದ್ದೇ ಕಷ್ಟ: 100 ಮೆಗಾಬಿಟ್‌ನಲ್ಲಿ ಓಡುತ್ತದೆ, ಗಿಗಾಬಿಟ್‌ನಲ್ಲಿ ಸಿಆರ್‌ಸಿ ತಪ್ಪು ಸುರಿಯುತ್ತದೆ, ಬಿಸಿಯಾದಾಗ ಲಿಂಕ್ ಬೀಳುತ್ತದೆ. ಸಿಡಿಲಿನ ದಿನಾಂಕವನ್ನೂ ದೋಷ ಮೊದಲು ಕಂಡ ದಿನಾಂಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಪ್ರತಿರೋಧ ಏರುವುದರಿಂದ ಮಳೆಗಾಲದಲ್ಲಿ ಅಳೆದದ್ದನ್ನು ನಂಬಿ ಕೂರಬೇಡಿ, ಮಾರ್ಚಿನಲ್ಲಿ ಅಳೆಯಿರಿ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯುವುದೇ ಸರಿ. ಇದರಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ.

ಕೇಬಲ್ ಪರೀಕ್ಷೆ. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ವೇಗ ಇಳಿಸಿದಾಗ ದೋಷ ಹೋದರೆ 4-5 ಮತ್ತು 7-8ರ ಜೋಡಿಗಳನ್ನು ನೋಡಿ. ಇಳಿಸುವಾಗ ಆಟೋನೆಗೋಷಿಯೇಷನ್ (ಎರಡು ತುದಿಗಳೂ ಮಾತಾಡಿ ವೇಗ ಒಪ್ಪಿಕೊಳ್ಳುವುದು) ನಿಲ್ಲಿಸಬೇಡಿ, ಎದುರಿನ ಸ್ವಿಚ್ ಒಂದು ಸಲಕ್ಕೆ ಒಂದೇ ಕಡೆ ಸಾಗುವ ಹಾಫ್ ಡ್ಯೂಪ್ಲೆಕ್ಸಿಗೆ ಬಿದ್ದು ಹೊಸ ದೋಷ ಹುಟ್ಟುತ್ತದೆ. 100 ಮಾತ್ರ ಸಾರುವಂತೆ ಎಥ್‌ಟೂಲಿನಲ್ಲಿ ಹೇಳಿ. 2020ರ 5.8 ಕರ್ನೆಲ್‌ನಿಂದ ಈಚೆಗೆ, ಚಿಪ್ ಒಪ್ಪಿದರೆ, ಎಥ್‌ಟೂಲೇ ಕೇಬಲ್ ಪರೀಕ್ಷಿಸಿ ತುಂಡಾದ ಜಾಗ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಸಂಕೇತ ಒಂದು ಮೀಟರ್ ಹೋಗಿ ಮರಳಲು ಸುಮಾರು 10 ನ್ಯಾನೋಸೆಕೆಂಡ್, ಅದರ ಮೇಲೆಯೇ ಆ ಲೆಕ್ಕ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಪದರ ಮಾತ್ರ ಇರುವುದುಂಟು. ಬ್ಲೇಡಿನಿಂದ ಕೆರೆದರೆ ಬಿಳಿ ಕಾಣುತ್ತದೆ. ಅಳೆಯುವುದಾದರೆ ಒಂದು ತುದಿಯಲ್ಲಿ ಒಂದು ಜೋಡಿಯನ್ನು ಹೊಸೆದು ಇನ್ನೊಂದು ತುದಿಯಲ್ಲಿ ಮೀಟರ್ ಹಿಡಿಯಿರಿ: ಕ್ಯಾಟ್5ಇ ಮಿತಿ ಒಂದು ತಂತಿಗೆ 100 ಮೀಟರಿಗೆ 9.38 ಓಮ್, ಆದ್ದರಿಂದ 40 ಮೀಟರಿನ ಹೋಗಿಬರುವ ದಾರಿಗೆ 7.5 ಓಮ್ ಒಳಗಿರಬೇಕು. 10 ದಾಟಿದರೆ ಕೇಬಲ್ ತೆಗೆದುಬಿಡಿ. ಪ್ಲಗ್ಗಿನ ಹತ್ತಿರ ಹೊಸೆತ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು.

ಮಧ್ಯಾಹ್ನವೇ ಬರುವ ದೋಷಕ್ಕೆ ಬಿಸಿಯ ಪರೀಕ್ಷೆ: ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ 15 ಸೆಂಟಿಮೀಟರ್ ದೂರದಿಂದ ಎರಡು ನಿಮಿಷ. ಸಾಮಾನ್ಯ ದರ್ಜೆಯ ಚಿಪ್‌ಗಳು ಸುತ್ತಲಿನ ಗಾಳಿ 70 ಡಿಗ್ರಿಯವರೆಗೆ ಇರುವಂತೆ ಮಾಡಿದವು, ಅದರ ಹತ್ತಿರ ಹೋಗಬೇಡಿ. ತಣ್ಣಗಾಗಿಸುವ ಸ್ಪ್ರೇಯನ್ನು ನಮ್ಮ ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದ ಆಟಿ ತಿಂಗಳಲ್ಲಿ, ಬಳಸದಿರುವುದು ಒಳ್ಳೆಯದು: ಗಾಳಿಯ ತೇವ ಬೋರ್ಡಿನ ಮೇಲೆ ನೀರಾಗಿ ಕೂತು ಇಲ್ಲದ ದೋಷ ತೋರಿಸುತ್ತದೆ. ಕಾರ್ಡಿನ 3.3 ವೋಲ್ಟ್ 3.0ರಿಂದ 3.6ರ ಒಳಗಿರಬೇಕು. ಮಲ್ಟಿಮೀಟರ್ ಸರಾಸರಿ ತೋರಿಸುವುದರಿಂದ ಒಂದು ಮಿಲಿಸೆಕೆಂಡಿನ ಕುಸಿತ ಅದಕ್ಕೆ ಕಾಣದು, ಆಸಿಲೋಸ್ಕೋಪನ್ನು 3.1 ವೋಲ್ಟ್ ಕೆಳಗಿಳಿದಾಗ ಹಿಡಿಯುವಂತೆ ಟ್ರಿಗರ್ ಮಾಡಿ, ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಗಳಿಗೆಯನ್ನು ನೋಡಿ.

ಸರಿಹೋಯಿತು ಎಂದು ಯಾವಾಗ ಹೇಳಬಹುದು? ದೋಷ ಸರಾಸರಿ 6 ಗಂಟೆಗೊಮ್ಮೆ, ಹೊತ್ತುಗೊತ್ತಿಲ್ಲದೆ ಬರುತ್ತಿದ್ದರೆ, ತಿದ್ದಿದ ಮೇಲೆ ಅದರ ಮೂರು ಪಟ್ಟು, ಅಂದರೆ 18 ಗಂಟೆ ಬಾರದಿರಬೇಕು. ಅಷ್ಟಾದರೂ ನೂರಕ್ಕೆ 5ರಷ್ಟು ಸಂದರ್ಭಗಳಲ್ಲಿ ಏನನ್ನೂ ಸರಿಪಡಿಸದೆಯೇ ಅದು ಸುಮ್ಮನಿರಬಹುದು. ಗಿಟ್ ಬೈಸೆಕ್ಟ್ (ದೋಷ ತಂದ ಬದಲಾವಣೆಯನ್ನು ಅರ್ಧರ್ಧ ಮಾಡುತ್ತಾ ಹುಡುಕುವುದು) ಮಾಡುವವರಿಗೆ ಇದು ಸಾಲದು: 'ಸರಿ' ಎಂದು ಗುರುತು ಹಾಕುವ ಹೆಜ್ಜೆ ಐದಿದ್ದರೆ ಎಲ್ಲಾದರೂ ಎಡವುವ ಸಾಧ್ಯತೆ ನೂರಕ್ಕೆ 23. ಐದು ಪಟ್ಟು ಕಾಯಿರಿ, ಆಗ ಪ್ರತಿ ಹೆಜ್ಜೆಯ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಾರ್ಡ್ ಬದಲಿಸುವಾಗ ಹೊಸದನ್ನು ಹಾಕಿ ಹಳೆಯದನ್ನು ಎಸೆಯಬೇಡಿ. ಎರಡು ಯಂತ್ರಗಳ ಕಾರ್ಡುಗಳನ್ನು ಅದಲುಬದಲು ಮಾಡಿ. ದೋಷ ಕಾರ್ಡಿನ ಹಿಂದೆ ಹೋಯಿತೋ, ಯಂತ್ರದಲ್ಲೇ ಉಳಿಯಿತೋ ನೋಡಿ, ಆಮೇಲೆ ಮತ್ತೆ ಮೊದಲಿನಂತೆ ಇಟ್ಟು ಇನ್ನೊಮ್ಮೆ ನೋಡಿ. ತೆಗೆದು ಹಾಕಿದ್ದರಿಂದಲೇ ಸಂಪರ್ಕ ಸರಿಯಾಗಿರಬಹುದು.

ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: "ಸರ್, ರಿಸೆಟ್ ಆಗಿ ನೆಟ್ ಬರ್ತದಲ್ಲ, ಅಷ್ಟರಲ್ಲೇ ಬಿಟ್ಟರೆ ಆಗದಾ?"

ಬಳಸುವವರಿಗೆ ಆದೀತು, ಆದರೆ ಆ ರಿಸೆಟ್ ಸರಿಯಾಗಿ ಬರೆದಿರಬೇಕು. ಟೈಮ್‌ಔಟ್ ಕರೆ ಬರುವುದು ನಿದ್ರಿಸಲಾಗದ ಜಾಗದಲ್ಲಿ, ಆದ್ದರಿಂದ ಅಲ್ಲಿ ಸಂಖ್ಯೆಗಳನ್ನು ಓದಿಟ್ಟು ಉಳಿದದ್ದನ್ನು ಆಮೇಲೆ ನಿಧಾನವಾಗಿ ಮಾಡಬಲ್ಲ ವರ್ಕ್‌ಕ್ಯೂಗೆ ಒಪ್ಪಿಸಬೇಕು. ಅಲ್ಲಿ ಮೊದಲು ಕ್ಯೂ ಮತ್ತು ನಾಪಿ ನಿಲ್ಲಿಸಿ, ಕಾರ್ಡಿನ ಡಿಎಂಎ ನಿಲ್ಲಿಸಿ, ಅದು ನಿಜವಾಗಿ ನಿಂತಿದೆ ಎಂದು ರಿಜಿಸ್ಟರ್ ಓದಿ ಖಚಿತಪಡಿಸಿಕೊಂಡ ಮೇಲಷ್ಟೇ ಬಫರ್ ಬಿಡುಗಡೆ ಮಾಡಬೇಕು. ಈ ಕ್ರಮ ತಪ್ಪಿದರೆ ಬೇರೆಯವರ ಪಾಲಾದ ಮೆಮೊರಿಗೆ ಕಾರ್ಡ್ ಬರೆಯುತ್ತದೆ. ಅರ್ಧ ಗಂಟೆ ಬಿಟ್ಟು ಸಂಬಂಧವೇ ಇಲ್ಲದ ಪ್ರೋಗ್ರಾಮ್ ಬಿದ್ದಾಗ ಯಾರೂ ನೆಟ್‌ವರ್ಕ್ ಕಾರ್ಡನ್ನು ಸಂಶಯಿಸುವುದಿಲ್ಲ. ಐಒಎಂಎಂಯು (ಕಾರ್ಡ್ ಮುಟ್ಟಬಹುದಾದ ಮೆಮೊರಿಗೆ ಬೇಲಿ ಹಾಕುವ ಹಾರ್ಡ್‌ವೇರ್) ಚಾಲೂ ಇದ್ದರೆ ಇಂಥ ಬರಹ ಅಲ್ಲೇ ಸಿಕ್ಕಿಬೀಳುತ್ತದೆ, ಪರೀಕ್ಷೆಯ ಯಂತ್ರಗಳಲ್ಲಿ ಅದನ್ನು ನಿಲ್ಲಿಸಬೇಡಿ. ಓದಿಟ್ಟ ಸ್ಥಿತಿಯನ್ನು ಕರ್ನೆಲ್‌ನ ಡೆವ್‌ಕೋರ್‌ಡಂಪ್‌ಗೆ ಕೊಟ್ಟರೆ ಅದು ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ತನ್ನ ವಿವರ ತೋರಿಸುವ ಫೋಲ್ಡರಿನಲ್ಲಿ) ಒಂದು ಫೈಲಾಗಿ ಕಾಣಿಸುತ್ತದೆ. ಯಾರೂ ಓದದಿದ್ದರೆ 5 ನಿಮಿಷದಲ್ಲಿ ತಾನೇ ಅಳಿಯುತ್ತದೆ. ಆದ್ದರಿಂದ ಅದು ಹುಟ್ಟಿದ ಕೂಡಲೇ ಡಿಸ್ಕಿಗೆ ನಕಲಿಸುವ ಒಂದು ಯುಡೆವ್ ನಿಯಮವನ್ನು (ಹೊಸ ಸಾಧನ ಕಾಣಿಸಿದಾಗ ತಾನಾಗಿ ಓಡುವ ಆಜ್ಞೆ) ಇವತ್ತೇ ಬರೆದಿಡಿ.